ಫರಸಿ ಸಂದಿನ ಕಾಲುವೆ

ಭತ್ತದ ಹೊಟ್ಟು ಸುಡುವ ವಾಸನೆ ಎಲ್ಲಿಂದಾದರೂ ಬಂದರೆ ಇಂದಿಗೂ ನಿಂತುಬಿಡುತ್ತೇನೆ. ಬಳಗಾನೂರಿನ ನಮ್ಮ ಮನೆಯಲ್ಲಿ ಹೊಟ್ಟಿನ ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದರೆ, ನಾನು ಮತ್ತು ತಮ್ಮ ಅಮರೇಶ ತಣ್ಣನೆಯ ಫರಸಿ ಕಲ್ಲಿನ ನೆಲದ ಮೇಲೆ ಇದ್ದಿಲಿನಿಂದ ಲೆಕ್ಕ ಬರೆಯುತ್ತಿದ್ದೆವು. ನಾನು ಮೆಟ್ರಿಕ್ ಮುಗಿಸಿದ ಹಿರಿಯ ಮಗ. ಅವನ ಪಾಲಿಗೆ ನಾನೇ ಮಾಸ್ತರ. ಸಮ ಚಿಹ್ನೆಯ ಜಾಗದಲ್ಲಿ ಎರಡು ಕಲ್ಲುಗಳ ನಡುವಿನ ಸಂದು ತೋರಿಸಿ ಹೇಳಿದ್ದೆ: “ಇದು ಕಾಲುವಿ ಅಂತ ತಿಳ್ಕೋ. ಈ ದಂಡಿಯಿಂದ ಆ ದಂಡಿಗೆ ಏನು ದಾಟಿದ್ರೂ ಕಳೀಬೇಕು.”

“ಗುಣಿಸಿದ್ದು ದಾಟಿದ್ರ?”

“ಯಾವುದಾದ್ರೂ ಅಷ್ಟಲೇ.”

ಕೂಡಿಸಿದ್ದಕ್ಕೆ ಮಾತ್ರ ಆ ಮಾತು ಸರಿ, ಗುಣಿಸಿದ್ದರೆ ಭಾಗಿಸಬೇಕು. ನನಗದು ಆಗ ಹೊಳೆಯಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆಯೂ ಏಳಲಿಲ್ಲ.

ಅಮರೇಶ ಲಿಂಗಸುಗೂರಿನ ಹೈಸ್ಕೂಲು ಸೇರಿದ. ಕಾಲುವೆಯಲ್ಲಿ ಕಡ್ಡಿ ಬಿಟ್ಟು, ನೀರಿನ ವೇಗ ನೋಡಲು ದಂಡೆಗುಂಟ ಓಡುತ್ತಿದ್ದ ಹುಡುಗ ಅವನು, ವಿಜ್ಞಾನವೆಂದರೆ ಜೀವ. ತಾಸಿಗೆ ಇಪ್ಪತ್ತು ಮೈಲಿ ಓಡುವ ಬಸ್ಸು ಅರವತ್ತು ಮೈಲಿ ಹೋಗಲು ಎಷ್ಟು ತಾಸು ಬೇಕೆಂದು ಮಾಸ್ತರರು ಕೇಳಿದರಂತೆ. ದೂರವೆಂದರೆ ವೇಗವನ್ನು ಕಾಲದಿಂದ ಗುಣಿಸಿದ್ದು ಎಂದು ಬರೆದು, ಇಪ್ಪತ್ತನ್ನು ಕಾಲುವೆ ದಾಟಿಸಿ, ಕಳೆದು, ನಲವತ್ತು ತಾಸು ಎಂದ.

“ನಡಕೊಂಡು ಹೋದಾವ ಮೊದ್ಲು ಮುಟ್ಟತಾನಲೇ! ಯಾವಾತ ಕಲಿಸ್ಯಾನ ನಿನಗ?”

“ನಮ್ಮಣ್ಣ ರೀ. ನಮ್ಮಣ್ಣ ತಪ್ಪು ಹೇಳಂಗಿಲ್ಲ.”

ಕ್ಲಾಸೆಲ್ಲ ನಕ್ಕಿತಂತೆ. ಶನಿವಾರ ಊರಿಗೆ ಬಂದು ಅದೇ ನೆಲದ ಮೇಲೆ ಆ ಲೆಕ್ಕ ಬರೆದು ತೋರಿಸಿದ. ನೋಡಿದ ಕೂಡಲೇ ನನ್ನ ತಪ್ಪು ತಿಳಿಯಿತು. ಆದರೆ ಹೊಸ್ತಿಲಲ್ಲಿ ಅಪ್ಪ ಕುಳಿತು ಕೇಳುತ್ತಿದ್ದರು. “ನಿಮ್ಮ ಮಾಸ್ತರಗೇನು ಗೊತ್ತಲೇ” ಎಂದುಬಿಟ್ಟೆ. ಅಮರೇಶನ ಮುಖ ಅರಳಿತು. ಆ ಅರಳಿದ ಮುಖ ನನ್ನನ್ನು ಈಗಲೂ ಮಲಗಗೊಡುವುದಿಲ್ಲ.

ವಿಜ್ಞಾನದಲ್ಲಿ ನಪಾಸಾಗಿ ಅವನು ಶಾಲೆ ಬಿಟ್ಟ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತು ಬೆನ್ನು ಬಾಗಿಸಿಕೊಂಡ. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದು ಹೋದಾಗಲೆಲ್ಲ ಚಹಾ ಕುಡಿದು ಎದ್ದು ಬಂದೆ. ಹೋದ ವರ್ಷ ಅವನು ತೀರಿಕೊಂಡ. ಆ ಮನೆ ಬಿದ್ದಿದೆ, ಫರಸಿಗಳನ್ನು ಯಾರೋ ಕಿತ್ತೊಯ್ದಿದ್ದಾರೆ. ನಿಮಗೂ ಹೀಗೆ ಮರಳಿ ತುಳಿಯಲಾಗದ ಒಂದು ನೆಲ ಇರಬಹುದು.

ಮೊನ್ನೆ ಮಸ್ಕಿಯಲ್ಲಿರುವ ಅವನ ಮಕ್ಕಳ ಮನೆಗೆ ಹೋಗಿದ್ದೆ. ಅಮರೇಶನ ಮೊಮ್ಮಗಳು ಪಲ್ಲವಿ, ಒಂಬತ್ತನೆಯ ತರಗತಿ, ಭೌತಶಾಸ್ತ್ರದ ಲೆಕ್ಕ ಮಾಡುತ್ತ ಕುಳಿತಿದ್ದಳು. ಇಣುಕಿದೆ. ಅದೇ ದೂರ, ಅದೇ ವೇಗ. ಭಾಗಿಸಬೇಕಾದಲ್ಲಿ ಕಳೆದಿದ್ದಳು.

“ಇದು ತಪ್ಪವ್ವ.”

“ಸಾರೂ ಹಂಗ ಅಂತಾರ, ದೊಡ್ಡ ತಾತ. ಕಾಲುವಿ ದಾಟಿದ್ರ ಕಳೀಬೇಕಂತ ನಮ್ಮ ತಾತ ಹೇಳಿಕೊಟ್ಟಾನ.” ಅವಳ ಕಣ್ಣು ತುಂಬಿದವು. “ನಮ್ಮ ತಾತ ತಪ್ಪು ಹೇಳಂಗಿಲ್ಲ.”

“ಅವನದಲ್ಲವ್ವ. ತಪ್ಪು ನಂದು” ಎಂದೆ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಹೊರಬಂತು. ಕೇಳಬೇಕಾದವನು ಇರಲಿಲ್ಲ. ಅಳಿಸಲು ರಬ್ಬರು ತೆಗೆದುಕೊಂಡೆ. ಅವಳು ಆ ಲೆಕ್ಕದ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡಳು.