ಜಿಲೇಬಿ ಕುಡಿಯದ ಹಾಲು

“ಇವನು ಏನು ತಿನ್ನುತ್ತಾನೆ?” ಅಂತ ಡಾಕ್ಟರಮ್ಮ ಕೇಳಿದರು.

“ಹಾಲು,” ಅಂದೆ.

ಅವರು ಟೈಪ್ ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮೇಜಿನ ಮೇಲೆ ಸುತ್ತಿಕೊಂಡು ಬಿದ್ದಿದ್ದವನು ಒಂದು ಬಾಲ್ ಪೈಥಾನ್. (ವಿಷವಿಲ್ಲದ ಪುಟ್ಟ ಹೆಬ್ಬಾವು. ಇಲ್ಲಿನ ಪೆಟ್ ಸ್ಟೋರ್‌ಗಳಲ್ಲಿ ಬಣ್ಣದ ಮೀನಿನ ಪಕ್ಕದಲ್ಲೇ ಸಿಗುತ್ತೆ.) ಹೆಸರು ಜಿಲೇಬಿ. ಬೆನ್ನುಮೂಳೆ ಮುಟ್ಟಿ ಎಣಿಸುವ ಹಾಗಿತ್ತು. ಸರಿಯಾಗಿ ಕಳಚದ ಹಳೇ ಪೊರೆ ಕಣ್ಣಿನ ಮೇಲೇ ಒಣಗಿ ಕೂತಿತ್ತು.

“ಹಾವು ಹಾಲು ಕುಡಿಯುತ್ತೆ ಅಂತ ಯಾರು ಹೇಳಿದರು ನಿಮಗೆ?”

ಏನು ಹೇಳಲಿ? ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರೂ.

ಜಿಲೇಬಿ ನನ್ನದಲ್ಲ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನಲ್ಲಿ ನಮ್ಮ ಮನೆಯಿಂದ ಮೂರನೇ ಮನೆ ಶೈಲಾ ಮತ್ತು ಮೂರ್ತಿಯವರದು. ಅವರ ಮಗಳು ಅನಘಾ ಹದಿನಾಲ್ಕನೇ ಹುಟ್ಟುಹಬ್ಬಕ್ಕೆ ಹಟ ಮಾಡಿ ತರಿಸಿಕೊಂಡ ಹಾವು ಅದು. ಅಚ್ಚ ಸಸ್ಯಾಹಾರಿ ಮನೆ. ಗರಾಜ್‌ನಲ್ಲಿ ಬೇರೆಯೇ ಒಂದು ಪುಟ್ಟ ಫ್ರೀಜರ್ ಇಟ್ಟುಕೊಂಡು, ಅದರಲ್ಲಿ ಫ್ರೋಜನ್ ಇಲಿ ತುಂಬಿಸಿ, ಎಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು. ಆಮೇಲೆ ಕಾಲೇಜಿಗೆ ಕ್ಯಾಲಿಫೋರ್ನಿಯಾಗೆ ಹೋದಳು. ಹೋದ ವರ್ಷ ಜನವರಿಯಲ್ಲಿ ರಜೆ ಮುಗಿಸಿ ಹೋದವಳು ಬೇಸಿಗೆಗೂ ಬರಲಿಲ್ಲ. ಇಂಟರ್ನ್‌ಶಿಪ್ ಅಂತೆ. ಹೋಗುವಾಗ ಗಾಜಿನ ಟ್ಯಾಂಕಿಗೆ ಒಂದು ಹಾಳೆ ಅಂಟಿಸಿದ್ದಳು. ಹದಿನೈದು ದಿನಕ್ಕೊಂದು ಇಲಿ, ಹೀಟ್ ಪ್ಯಾಡ್ ಆಫ್ ಮಾಡಬೇಡಿ.

ಅವಳ ಕಾರು ಡ್ರೈವ್‌ವೇ ದಾಟಿದ ಮರುದಿನವೇ ಶೈಲಾ ಫ್ರೀಜರ್ ಖಾಲಿ ಮಾಡಿ ತೊಳೆದರಂತೆ. “ದೇವರ ಮನೆ ಇರೋ ಮನೇಲಿ ಸತ್ತ ಇಲಿ ಇಟ್ಕೊಳ್ಳೋಕಾಗುತ್ತಾ ಸುಮಾ?” ಅಂತ ನನ್ನ ಹತ್ತಿರವೇ ಹೇಳಿದ್ದರು. ಹಾಗಾದರೆ ಜಿಲೇಬಿಗೆ? ದಿನಾ ಬೆಳಗ್ಗೆ ಒಂದು ಬಟ್ಟಲು ಹಾಲು.

ಆಗಸ್ಟ್‌ನಲ್ಲಿ ನಾಗರಪಂಚಮಿ ಬಂತು. ಶೈಲಾ ನಮ್ಮನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದರು. ಕಲ್ಲಿಗೆ ಅಲ್ಲ, ಹುತ್ತಕ್ಕೆ ಅಲ್ಲ, ಜೀವ ಇರುವ ನಾಗಪ್ಪನಿಗೇ ಪೂಜೆ. ನ್ಯೂಜೆರ್ಸಿಯಲ್ಲಿ ಇನ್ಯಾರಿಗಿದೆ ಈ ಭಾಗ್ಯ? ರೇಷ್ಮೆ ಸೀರೆ ಉಟ್ಟು ಹತ್ತು ಜನ ಹೆಂಗಸರು ಬೇಸ್‌ಮೆಂಟ್‌ಗೆ ಇಳಿದೆವು. ಗಾಜಿಗೆಲ್ಲ ಅರಿಶಿನ ಕುಂಕುಮ. ಅನಘಾಳ ಹಾಳೆಯ ಮೇಲೂ ಒಂದು ದೊಡ್ಡ ಬೊಟ್ಟು, ಸರಿಯಾಗಿ ‘ಇಲಿ’ ಅನ್ನುವಲ್ಲಿ. ಒಳಗೆ ಜಿಲೇಬಿ ಒಣಗಿದ ಹಗ್ಗದಂತೆ ಬಿದ್ದಿದ್ದ.

ನಾನು ಏನು ಮಾಡಿದೆ? ಹೂವೇರಿಸಿದೆ. ಫೋಟೋ ತೆಗೆದೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಇದು ತೀರಾ ಬಡಕಲಾಗಿದೆಯಲ್ಲ ಅಂತ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟು ಜನರ ಎದುರಿಗೆ ಯಾಕೆ ಅಂತ ತಂಬಿಟ್ಟು ತಿಂದು ಮನೆಗೆ ಬಂದೆ.

ಮರುವಾರವೇ ಗಂಡ ಹೆಂಡತಿ ಊರಿಗೆ ಹೊರಟರು. ಮೂರ್ತಿಯವರ ಕೈಗೆಲ್ಲ ಕಜ್ಜಿಯ ಹಾಗೆ ಎದ್ದು ತುರಿಕೆ ಬಿಟ್ಟಿರಲಿಲ್ಲ. ಇಲ್ಲಿನ ಡಾಕ್ಟರು ಕ್ರೀಮ್ ಕೊಟ್ಟರು. ಊರಿನ ಜ್ಯೋತಿಷಿ ಜೂಮ್‌ನಲ್ಲಿ ಜಾತಕ ನೋಡಿ ಸರ್ಪದೋಷ ಅಂದರು. ಯಾವುದೋ ಜನ್ಮದಲ್ಲಿ ನಾಗನಿಗೆ ನೋವು ಕೊಟ್ಟಿದ್ದೀರಿ, ಶಾಂತಿ ಮಾಡಿಸಿ ಅಂದರಂತೆ. ಯಾವುದೋ ಜನ್ಮದಲ್ಲಿ! ಬೇಸ್‌ಮೆಂಟ್‌ನಲ್ಲಿ ಈ ಜನ್ಮದ್ದೇ ಒಂದು ಸಾಯುತ್ತಾ ಬಿದ್ದಿತ್ತು.

“ಗಿಡಕ್ಕೆ ನೀರು ಹಾಕಿ, ಅವನಿಗೆ ಹಾಲು ಬದಲಿಸಿ, ಸಾಕು,” ಅಂತ ಬೀಗದ ಕೈ ಕೊಟ್ಟರು. ಮೊದಲ ದಿನ ಇಳಿದು ಹೋಗಿ ನೋಡಿದರೆ ಟ್ಯಾಂಕು ಬೆಚ್ಚಗಿಡುವ ಹೀಟ್ ಪ್ಯಾಡಿನ ಪ್ಲಗ್ಗೇ ಕಿತ್ತಿಟ್ಟಿದ್ದರು. ಯಾರೂ ಇಲ್ಲದ ಮನೆಗೆ ಬೆಂಕಿ ಬೀಳಬಾರದಲ್ಲ! ಮುಟ್ಟಿದೆ. ನೆಲಮಾಳಿಗೆಯ ನೆಲದಷ್ಟೇ ತಣ್ಣಗಿದ್ದ. ಹೋಗೇಬಿಟ್ಟ ಅಂದುಕೊಂಡೆ. ಆಗ ನಾಲಿಗೆ ಒಂದೇ ಒಂದು ಸಲ ಹೊರಗೆ ಬಂತು. ದಿಂಬಿನ ಕವರಿನಲ್ಲಿ ಹಾಕಿಕೊಂಡು ನೇರ ಡಾಕ್ಟರ ಹತ್ತಿರ ಓಡಿದೆ.

“ಉಳಿಯಬಹುದು, ಗ್ಯಾರಂಟಿ ಕೊಡಲ್ಲ,” ಅಂದರು. ನಮ್ಮ ಮನೆಗೇ ತಂದು ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿದೆ. ಒದ್ದೆ ಹತ್ತಿಯಿಂದ ಕಣ್ಣಿನ ಪೊರೆ ನೆನೆಸಿದೆ. ಇಲಿ ತಂದೆ. ನಾನು, ಮೊಟ್ಟೆ ಇರುವ ಕೇಕ್ ಕೂಡ ಮುಟ್ಟದವಳು! ಫ್ರೀಜರ್‌ನಲ್ಲಿ ಬಟಾಣಿ ಪ್ಯಾಕೆಟ್ ಪಕ್ಕ ಅದನ್ನು ಕಂಡ ನಮ್ಮ ಮನೆಯವರು ಒಂದು ನಿಮಿಷ ಬಾಗಿಲು ಹಿಡಿದು ನಿಂತರು. “ಅದಕ್ಕೆ ಒಂದು ಲೇಬಲ್ ಆದ್ರೂ ಹಾಕೇ,” ಅಂದರು. ಅಷ್ಟೇ. ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದರೆ ಜಿಲೇಬಿ ಮುಖ ತಿರುಗಿಸಿದ. ಎರಡನೇ ಸಲವೂ ಅದೇ. ಮೂರನೇ ವಾರ, ಭಾನುವಾರ ಮಧ್ಯಾಹ್ನ, ಗಬಕ್ಕನೆ ಹಿಡಿದ. ಇಲಿ ತಿನ್ನುವುದನ್ನು ನೋಡಿ ಖುಷಿಗೆ ಅತ್ತುಬಿಟ್ಟೆ, ಏನು ಹೇಳಲಿ ನಿಮಗೆ.

ಅಕ್ಟೋಬರ್‌ನಲ್ಲಿ ಶೈಲಾ ವಾಪಸ್ ಬಂದರು. ಅವನಿಗೆ ಹುಷಾರಿಲ್ಲ, ನಮ್ಮಲ್ಲೇ ಇಟ್ಟುಕೊಂಡಿದ್ದೀನಿ ಅಂತ ಮೊದಲೇ ಮೆಸೇಜ್ ಹಾಕಿದ್ದೆ. ಪ್ರಸಾದ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಜಿಲೇಬಿಯನ್ನು ನೋಡಿ ಎರಡೂ ಕೈ ಜೋಡಿಸಿದರು. “ನೋಡಿದ್ರಾ ಸುಮಾ, ಶಾಂತಿ ಮಾಡಿಸಿದ್ದು ಎಷ್ಟು ಬೇಗ ಫಲ ಕೊಡ್ತು. ಮೈ ಎಷ್ಟು ತುಂಬ್ಕೊಂಡಿದ್ದಾನೆ ನೋಡಿ.”

“ಇಲಿ ತಿಂದು ತುಂಬ್ಕೊಂಡಿದ್ದು ಶೈಲಾ,” ಅಂದೆ.

ಮುಖ ಕಪ್ಪಿಟ್ಟಿತು. “ಪೂಜೆ ಮಾಡಿದ ಹಾವು ರೀ ಅದು. ನಮ್ಮನೆಗೆ ಕೊಟ್ಬಿಡಿ.”

ಅವರ ಎದುರಿಗೇ ಅನಘಾಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎಲ್ಲ ಹೇಳಿದೆ. “ಆಂಟಿ, ಪ್ಲೀಸ್ ಡೋಂಟ್ ಗಿವ್ ಹಿಮ್ ಬ್ಯಾಕ್,” ಅಂದಳು. ಅಳುತ್ತಿದ್ದಳು. (ಅವಳೇನು ಸಾಚಾ ಅಲ್ಲ. ಎಂಟು ತಿಂಗಳಲ್ಲಿ ಒಂದು ಸಲ ವಿಡಿಯೋ ಕಾಲ್ ಮಾಡಿ ಅವನನ್ನು ತೋರಿಸಿ ಅನ್ನಬಹುದಿತ್ತು. ಅದನ್ನೂ ಹೇಳಿದೆ.) ಶೈಲಾ ಚಪ್ಪಲಿ ಮೆಟ್ಟಿ ಹೊರಟರು. ಅಂದಿನಿಂದ ಮಾತಿಲ್ಲ.

ಮೊನ್ನೆ ಮತ್ತೆ ನಾಗರಪಂಚಮಿ. ನನಗೆ ಕರೆ ಬರಲಿಲ್ಲ. ಹೋಗಿದ್ದವರು ಸ್ಟೇಟಸ್ ಹಾಕಿದ್ದರು, ನೋಡಿದೆ. ಅದೇ ಬೇಸ್‌ಮೆಂಟ್, ಅದೇ ಟ್ಯಾಂಕ್, ಅದೇ ಬಟ್ಟಲು. ಒಳಗೆ ಮಾತ್ರ ಊರಿಂದ ಮಾಡಿಸಿ ತಂದ ಬೆಳ್ಳಿಯ ನಾಗಪ್ಪ.

ಅವನಿಗೆ ಹಾಲು ಸಾಕು ಬಿಡಿ.