ಬೆಳಗಾವಿಯಲ್ಲಿ ಮೊಮ್ಮಗಳ ಸೋಗು

ಭಾನುವಾರ ಮಧ್ಯಾಹ್ನ ಖಾನಾಪುರದಲ್ಲಿ ಬೆಳಗಾವಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟಿನ ರೊಕ್ಕವಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಬಿಸಿಲು ಚುರುಗುಡುತ್ತಿತ್ತು. ಪಕ್ಕದವಳ ಚೀಲದಲ್ಲಿದ್ದ ಕೋಳಿ ದಾರಿಯುದ್ದಕ್ಕೂ ನನ್ನ ಕಾಲು ಕುಕ್ಕಿತು.

ಮಗ ಬಸು ನನ್ನನ್ನು ಕಳಿಸಿದ್ದೇ ಒಂದು ಕೆಲಸಕ್ಕೆ. ಅವನ ಮಗಳು ಸವಿತಾ ಗಂಡನನ್ನು ಬಿಟ್ಟು ಬಂದು ಬೆಳಗಾವಿಯಲ್ಲಿ ನೌಕರಿ ಮಾಡುತ್ತಾಳೆ. ರಜೆಯ ದಿನ ಮೈಕಿನ ಮುಂದೆ ನಿಂತು, ತನ್ನ ಸಂಸಾರದ ಕಥೆ ಹೇಳಿ ಜನರನ್ನು ನಗಿಸುತ್ತಾಳಂತೆ. ಸ್ಟ್ಯಾಂಡಪ್ ಕಾಮೆಡಿ ಎನ್ನುತ್ತಾರೆ.

"ನೀ ನೋಡಿ ಬಾರಬೇ. ಮನಿ ಮರ್ಯಾದಿ ಹೋಗೂ ಹಂಗಿದ್ರ ಬಂದ್ ಮಾಡಸ್ತೀನಿ," ಎಂದಿದ್ದ. ನನ್ನ ಮಾತನ್ನು ಸವಿತಾ ಮೀರುವುದಿಲ್ಲ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ರಜೆಯಾದ್ದರಿಂದ ಗದ್ದಲವಿರಲಿಲ್ಲ. ತಾಸಿನೊಳಗೆ ಊರು ಮುಟ್ಟಿದೆ. ಸವಿತಾ ಸ್ಕೂಟಿ ತಂದಿದ್ದಳು.

"ಒಣಗಿ ಹೋಗೀಯಲ್ಲ, ಉಣ್ಣಾಕ ಸಿಗೂದಿಲ್ಲೇನು?" ಎಂದೆ.

"ಬಂದ ಕೂಡ್ಲೇ ಸುರು ಮಾಡಿದೇನಬೇ ಆಯಿ? ಗಟ್ಟಿ ಹಿಡಕೊ."

ಚಹಾದಂಗಡಿಯ ಮೇಲೊಂದು ಕೋಣೆ, ಪ್ಲಾಸ್ಟಿಕ್ ಖುರ್ಚಿ, ತುಂಬಿದ ಜನ. ನನಗೆ ನಮ್ಮ ಕಾಲದ ಮದುವೆಯ ಹಂದರ ನೆನಪಾಯಿತು. ಬೀಗರ ಹಾಡು ಹೇಳುವಾಗ ನನ್ನ ನೆಗೆಣ್ಣಿ ಗೌರವ್ವ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬೀಗತಿಯಂತೆ ನಡೆಯುತ್ತಿದ್ದಳು. ಎದುರು ಪಕ್ಷದವರು ಅಲ್ಲೇ ಎದ್ದು ಉತ್ತರ ಕೊಡಬೇಕು, ಸುಳ್ಳಿದ್ದರೆ ಹಿಡಿಯಬೇಕು. ಸುಮ್ಮನೆ ಕುಳಿತರೆ ಸೋತಂತೆ. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆವು. ಈಗ ಗೌರವ್ವನಿಲ್ಲ. ನಮ್ಮ ಓಣಿಯ ಮದುವೆಗಳಲ್ಲಿ ಡೀಜೆ ಒದರುತ್ತದೆ.

ಸವಿತಾ ಸುರು ಮಾಡಿದಳು. ಅತ್ತೆ ಫ್ರಿಜ್ಜಿನೊಳಗಿನ ಹಾಲನ್ನು ಹೇಗೆ ಅಳೆಯುತ್ತಾಳೆಂದು ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ತೋರಿಸಿದಳು. ಜನ ನಕ್ಕರು. ಆಮೇಲೆ, "ನಾ ಬ್ಯಾಗ್ ತಗೊಂಡು ಹೊಂಟೆ. ನನ್ನ ಗಂಡ ಬಸ್‌ಸ್ಟ್ಯಾಂಡ್ ತನಕ ಅಳಕೋತ ಓಡಿ ಬಂದನ್ರೀ," ಎಂದಳು.

ನಾನು ಎದ್ದು ನಿಂತೇಬಿಟ್ಟೆ. "ಸುಳ್ಳ ಯಾಕ ಹೇಳ್ತೀ? ಯಾರೂ ಬರಲಿಲ್ಲಂತ ನೀನ ಹೇಳಿದ್ದಿ!"

ಎಲ್ಲರೂ ಹೊರಳಿ ನನ್ನನ್ನೇ ನೋಡಿದರು. ಇಲ್ಲಿ ನೋಡುವವರು ನಡುವೆ ಮಾತಾಡಬಾರದಂತೆ. ನನಗೇನು ಗೊತ್ತು? ಹಿಂದಿದ್ದವನೊಬ್ಬ, "ಆಜೀ, ಕುಂದರ್ರಿ," ಎಂದ.

ಸವಿತಾಳ ಮುಖ ಸಣ್ಣದಾಯಿತು. "ಖರೇ ಐತ್ರಿ. ಯಾರೂ ಬರಲಿಲ್ಲ," ಎಂದು ಮೈಕು ಬದಿಗಿಟ್ಟಳು. ಆಮೇಲೆ ಮಾತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗಿನ ಮೇಲೆ ಕುಳಿತವಳಂತೆ ಕುಕ್ಕರಿಸಿದಳು. ಆಟೋ ಬಂದಂತೆ ಕತ್ತೆತ್ತಿದಳು, ಬೇರೆ ಯಾರೋ ಇಳಿದಂತೆ ಕತ್ತು ಇಳಿಸಿದಳು. ಕೂದಲು ಸರಿ ಮಾಡಿಕೊಂಡಳು. ಮತ್ತೆ ಎತ್ತಿದಳು, ಈ ಸಲ ಕೊಕ್ಕರೆಯಷ್ಟು ಉದ್ದ. ಜನ ಬಿದ್ದು ಬಿದ್ದು ನಕ್ಕರು. ಕಡೆಗೆ ಬಸ್ಸು ಬಂತು. ಹತ್ತುವಾಗಲೂ ಒಂದು ಕಾಲು ನೆಲದಲ್ಲೇ ಬಿಟ್ಟು ಹಿಂತಿರುಗಿ ನೋಡಿದಳು. ಆಗ ಯಾರೂ ನಗಲಿಲ್ಲ.

ಗೌರವ್ವ ಆಡಿಕೊಂಡಿದ್ದು ಬೀಗತಿಯನ್ನು. ತನ್ನನ್ನೇ ಆಡಿಕೊಂಡವಳನ್ನು ನಾನು ಅವತ್ತೇ ಕಂಡೆ.

"ನನ್ನ ಮ್ಯಾಲ ಸಿಟ್ಟೇನು?" ಎಂದು ಕೆಳಗೆ ಚಹಾ ಕುಡಿಯುವಾಗ ಕೇಳಿದೆ.

"ಬಾಳ," ಎಂದಳು. ತನ್ನ ಪಾಲಿನ ಬಿಸ್ಕೀಟನ್ನೂ ನನ್ನ ತಾಟಿಗೆ ಹಾಕಿದಳು. ಅಪ್ಪನಿಗೆ ಏನು ಹೇಳುತ್ತೀ ಎಂದು ಕೇಳಲಿಲ್ಲ. ನನ್ನನ್ನು ಬಸ್ಸು ಹತ್ತಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತೇ ಇದ್ದಳು.

ಖಾನಾಪುರದಲ್ಲಿ ಬಸು ಬೈಕಿನೊಂದಿಗೆ ಕಾದಿದ್ದ. "ಏನಬೇ, ಬಂದ್ ಮಾಡಸ್ಲೇನು?"

"ಅಕಿ ಗಂಡನ ಮನಿ ಬಿಟ್ಟ ದಿನ ನೀನರ ಯಾಕ ಕರಿಯಾಕ ಹೋಗಲಿಲ್ಲೋ?" ಎಂದೆ.

ಅವನು ಬೈಕಿನ ಕನ್ನಡಿಯನ್ನು ಸುಮ್ಮನೆ ಒರೆಸತೊಡಗಿದ.

"ಮುಂದಿನ ಐತ್ವಾರ ಮತ್ತ ಐತಂತ. ಹೋಗಿ ಮುಂದ ಕುಂದ್ರು. ನಡುವ ಬಾಯಿ ತಗೀಬ್ಯಾಡ, ಅಲ್ಲಿ ಹಂಗ ಮಾಡಂಗಿಲ್ಲ."