ಮುಳ್ಳಿನ ಜೊತೆ ಚೌಕಾಸಿ

ಒತ್ತಡ ಅಳೆಯುವ ಮೀಟರೊಂದನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಮೊದಲು ಅದರ ಗಾಜನ್ನು ಬೆರಳಿನಿಂದ ಟಕ್ ಟಕ್ ಎಂದು ತಟ್ಟುತ್ತಾರೆ. ಕಲ್ಲಂಗಡಿಯನ್ನೂ ತೆಂಗಿನಕಾಯಿಯನ್ನೂ ತಟ್ಟಿಯೇ ಕೊಳ್ಳುವ ಜನ ನಾವು, ಒಪ್ಪಿದೆ. ಆದರೆ ಕಲ್ಲಂಗಡಿ ತಟ್ಟುವವನು ಅದರ ಉತ್ತರಕ್ಕೆ ಕಿವಿಗೊಡುತ್ತಾನೆ; ಮೀಟರು ತಟ್ಟುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಮುಳ್ಳು ಅದನ್ನು ಒಪ್ಪಿಕೊಳ್ಳುವವರೆಗೂ ತಟ್ಟುತ್ತಲೇ ಇರುತ್ತಾನೆ. ಹೆಗಲ ಮೇಲೆ ಪೈಪು ಹೊತ್ತು ಮಾರಲು ಆರಂಭಿಸಿ, ಈಗ ದಾವಣಗೆರೆಯ ಪೇಟೆಯಲ್ಲಿ ಪೈಪು, ವಾಲ್ವು, ಮೀಟರುಗಳ ಸ್ವಂತ ಅಂಗಡಿಯ ತಿರುಗುವ ಕುರ್ಚಿಯಲ್ಲಿ ವಿರಾಜಮಾನನಾಗಿರುವ ನಾನು ಈ ತಟ್ಟಾಟವನ್ನು ಬಹುಕಾಲದಿಂದ ನೋಡುತ್ತ ಬಂದಿದ್ದೇನೆ. ನನ್ನಲ್ಲಿ ಸಾಮಾನಿಗೆ ಬೆಲೆ, ಸಲಹೆ ಪುಕ್ಕಟೆ. ಆದ್ದರಿಂದಲೇ ಜನ ಸಾಮಾನನ್ನಷ್ಟೇ ಮನೆಗೆ ಒಯ್ಯುತ್ತಾರೆ.

ನಮ್ಮ ಗಿರಾಕಿಗಳ ದೃಢವಾದ ನಂಬಿಕೆಯೆಂದರೆ, ದೊಡ್ಡ ಮುಖದ ಮೀಟರು ದೊಡ್ಡ ಒತ್ತಡವನ್ನು ತಡೆಯುತ್ತದೆ ಎಂಬುದು. ಮೀಟರು ಏನನ್ನೂ ತಡೆಯುವುದಿಲ್ಲ ಸ್ವಾಮಿ, ಬರೀ ಹೇಳುತ್ತದೆ. ಹುಟ್ಟುಹಬ್ಬದಲ್ಲಿ ಮಕ್ಕಳು ಊದಿದೊಡನೆ ಸುರುಳಿ ಬಿಚ್ಚಿಕೊಂಡು ಎದುರಿನವರ ಮೂಗಿಗೆ ತಾಗುವ ಕಾಗದದ ಪೀಪಿಯನ್ನು ನೆನೆಯಿರಿ. ಮೀಟರಿನ ಒಳಗಿರುವುದು ಅದರ ಹಿತ್ತಾಳೆಯ ಅಣ್ಣ. ಕುಡುಗೋಲಿನಂತೆ ಬಾಗಿದ, ಕೊಂಚ ಚಪ್ಪಟೆಯಾದ, ಒಂದು ತುದಿ ಮುಚ್ಚಿದ ಕೊಳವೆ. ಉಗಿಯೋ ಗಾಳಿಯೋ ಎಣ್ಣೆಯೋ ಒಳನುಗ್ಗಿದರೆ ಅದು ನೆಟ್ಟಗಾಗಲು ಹವಣಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಆ ಹವಣಿಕೆಯನ್ನು ಪುಟ್ಟ ಹಲ್ಲುಚಕ್ರಗಳು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ಬಾಗಿದ ಮನುಷ್ಯ ಒತ್ತಡ ಬಿದ್ದಷ್ಟೂ ಇನ್ನಷ್ಟು ಬಾಗುವುದನ್ನು ಕಚೇರಿಗಳಲ್ಲಿಯೂ ಪಕ್ಷಗಳಲ್ಲಿಯೂ ದಿನವೂ ಕಾಣುತ್ತೇವೆ. ಒತ್ತಡ ಹೆಚ್ಚಿದಷ್ಟೂ ನೆಟ್ಟಗಾಗುವ ಬುದ್ಧಿ ಇರುವುದು ಹಿತ್ತಾಳೆಗೆ ಮಾತ್ರ. ಇನ್ನೊಂದು ಸೋಜಿಗವೆಂದರೆ, ಮುಳ್ಳು ಸೊನ್ನೆಯಲ್ಲಿ ನಿಂತಾಗಲೂ ಒತ್ತಡ ಇಲ್ಲವೆಂದಲ್ಲ. ಆಕಾಶದಷ್ಟು ಗಾಳಿ ಹಗಲಿರುಳು ನಮ್ಮ ಮೇಲೆ ಭಾರ ಹೇರುತ್ತಲೇ ಇದೆ; ಮನೆಯಲ್ಲಿ ಹೆಂಡತಿಯ ದುಡಿಮೆಯನ್ನು ನಾವು ಗಣನೆಗೆ ತೆಗೆದುಕೊಳ್ಳದ ಹಾಗೆ ಮೀಟರೂ ಅದನ್ನು ಬಿಟ್ಟೇ ಎಣಿಸುತ್ತದೆ.

ಹೀಗಿರುವಾಗ ಒಂದು ದಿನ, ಕುಕ್ಕುವಾಡದ ಕಡೆ ಅಕ್ಕಿ ಗಿರಣಿ ನಡೆಸುವ ಚನ್ನಬಸಪ್ಪನವರು ಬೆವರೊರೆಸಿಕೊಳ್ಳುತ್ತ ಅಂಗಡಿಗೆ ಬಂದರು. ಭತ್ತ ಬೇಯಿಸುವ ಬಾಯ್ಲರು ಅವರದು.

“ಸಾವ್ಕಾರ್ರೆ, ಮುಳ್ಳು ಕೆಂಪು ಗೆರೆ ದಾಟಿ ಕುಂತೈತ್ರಿ. ಕೆಲಸದೋರು ಹತ್ರ ಬರಾಕೆ ಒಲ್ಲೆ ಅಂತಾರೆ. ಆ ಗೆರೆ ಒಂದೀಟು ಆಚಿಗಿರೋ ಮೀಟರ್ ಇದ್ರೆ ಕೊಡ್ರಿ.”

“ಸೇಫ್ಟಿ ವಾಲ್ವ್ ಏನಾತ್ರಿ? ಉಗಿ ಜಾಸ್ತಿ ಆದ್ರೆ ಅದು ಹೊರಗೆ ಬಿಡಬೇಕಲ್ಲ?”

“ಅದು ಯಾವಾಗ್ಲೂ ಸೀಟಿ ಹೊಡ್ದು ಉಗಿ ದಂಡ ಮಾಡ್ತಿತ್ತು. ತಂತಿ ಬಿಗಿದೀನಿ.”

“ಬಾಯ್ಲರ್ ಬಾಯಿ ಕಟ್ಟಿ, ಅದ್ರ ಮುಖಕ್ಕೆ ಪೌಡರ್ ಹಚ್ಚಾಕೆ ಬಂದೀರೇನು? ಗೆರೆ ಆಚಿಗೆ ಹಾಕಿದ್ರೆ ಬಾಯ್ಲರ್‌ಗೆ ಗೊತ್ತಾಗ್ತತಾ? ಈಗ್ಲೇ ಫೋನ್ ಮಾಡಿ ಮೊದ್ಲು ಬೆಂಕಿ ತೆಗ್ಸ್ರಿ. ತಣ್ಣಗಾದ ಮ್ಯಾಲೆ ಫಿಟ್ಟರ್ ಕರ್ಸಿ ವಾಲ್ವ್ ರಿಪೇರಿ ಮಾಡಸ್ರಿ. ನಿಮಗೆ ಮೀಟರ್ ಮಾರಾದಿಲ್ಲ, ಹೋಗ್ರಿ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪಾಪ, ಅವರು ಅಲ್ಲಿಯೇ ನಿಂತು ಫೋನು ಮಾಡಿ, ತಲೆ ತಗ್ಗಿಸಿ ಹೋದರು. ನಾನಾದರೋ ಮುಳ್ಳನ್ನು ಬಿಟ್ಟು ಗೆರೆಯೊಡನೆ ಚೌಕಾಸಿಗಿಳಿದ ಆ ಮಹಾನುಭಾವನ ಕಥೆಯನ್ನು ಬೆಣ್ಣೆದೋಸೆಯ ಹೋಟೆಲಿನಿಂದ ಮದುವೆಯ ಪಂಕ್ತಿಯವರೆಗೆ, ಪ್ರತಿ ಸಲವೂ ಕೊಂಚ ಒಗ್ಗರಣೆ ಹೆಚ್ಚಿಸಿ, ಬಡಿಸಿಕೊಂಡು ಬಂದೆ.

ಅಷ್ಟರಲ್ಲಿ ನನ್ನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣು ಮೊದಲೇ ಮಂದ. ಇದ್ದ ಒಳ್ಳೆಯ ಕಣ್ಣಿಗೂ ಮಂಜು ಕವಿದ ಮೇಲೆ ಮುಳ್ಳು ಯಾವುದು, ಮುಳ್ಳಿನ ನೆರಳು ಯಾವುದು ಎಂಬುದೇ ತಿಳಿಯದಾಯಿತು. ಮುಳ್ಳು ಓದಲಾರದ ಮೀಟರು ವ್ಯಾಪಾರಿ ಅಂಗಡಿಯ ಬಾಗಿಲು ಎಳೆದುಕೊಳ್ಳುವುದೇ ಲೇಸು. ಶಸ್ತ್ರಚಿಕಿತ್ಸೆಗೆಂದು ಹೋದರೆ ಊರಿನ ಕಣ್ಣಿನ ವೈದ್ಯರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, “ಬಿಪಿ ಬಹಳ ಇದೆ. ಇಳಿಯುವ ತನಕ ಕಣ್ಣು ಮುಟ್ಟುವುದಿಲ್ಲ” ಎಂದುಬಿಟ್ಟರು.

ಮೊದಲು ಹೇಳಿದ ದರಕ್ಕೆ ನಾನು ಜೀವಮಾನದಲ್ಲಿ ಏನನ್ನೂ ಒಪ್ಪಿದವನಲ್ಲ. ಔಷಧಿ ಅಂಗಡಿಯ ಯಂತ್ರದಲ್ಲಿ ತೋಳಿಟ್ಟೆ, ಕೊಂಚ ಇಳಿಯಿತು. ಪಕ್ಕದ ಅಂಗಡಿಯವರ ಯಂತ್ರದಲ್ಲಿ ಎಡತೋಳಿಟ್ಟೆ, ಏರಿತು, ಬಲತೋಳಿಟ್ಟೆ, ಇಳಿಯಿತು, ಬಲತೋಳನ್ನೇ ಖಾಯಂ ಮಾಡಿದೆ. ಹಳೆಯ ಯಂತ್ರಗಳ ಬಿಡಿಭಾಗಗಳೆಲ್ಲ ಹರಿಹರದಲ್ಲಿ ನಮ್ಮೂರಿಗಿಂತ ಕಡಿಮೆಗೆ ಸಿಗುತ್ತವೆಂಬುದು ನನ್ನ ವ್ಯಾಪಾರದ ಅನುಭವ. ಬಿಪಿಯೂ ಅಲ್ಲಿ ಕಡಿಮೆಯಿರಬಹುದೆಂದು ಹೊರಟಾಗ ನನ್ನ ಮನೆಯಾಕೆ ಗಿರಿಜಮ್ಮ, “ಅಲ್ರೀ, ರಕ್ತಕ್ಕೂ ಕೊಟೇಶನ್ ತಗೊಳ್ಳೋ ಗಂಡಸ್ರನ್ನ ನಾನು ಕಂಡಿಲ್ಲ. ಡಾಕ್ಟ್ರ ಮುಂದೆ ಈ ನಾಟಕ ನಡೀಬೇಕಾರೆ ನಾನೂ ನೋಡ್ಬೇಕು” ಎಂದು ಜೊತೆಗೇ ಹೊರಟಳು.

ಹರಿಹರದ ವೈದ್ಯೆ ಚಿಕ್ಕ ವಯಸ್ಸಿನವರು. ಅವರ ಮೇಜಿನ ಮೇಲಿದ್ದುದು ನಮ್ಮ ಕುಲದ್ದೇ ಆದ ಮುಳ್ಳಿನ ಮೀಟರು. ಅದರೊಳಗೆ ಬಾಗಿದ ಕೊಳವೆಯ ಬದಲು, ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುವ ತೆಳು ತಗಡಿನ ಡಬ್ಬಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಅವರು ತೋಳನ್ನು ಬಿಗಿಯುತ್ತಾ ಹೋದರು, ನಾಡಿ ಮೂಕವಾಗುವವರೆಗೆ. ಆಮೇಲೆ ಸ್ವಲ್ಪಸ್ವಲ್ಪವೇ ಗಾಳಿ ಸಡಿಲಿಸುತ್ತಾ ಕಿವಿಗೊಟ್ಟರು. ನಾಡಿ ಮೊದಲು ಸದ್ದು ಮಾಡಿದ್ದು ಮೇಲಿನ ಅಂಕಿ. ಸದ್ದು ಮತ್ತೆ ಅಡಗಿದ್ದು ಕೆಳಗಿನ ಅಂಕಿ. ಎಲಾ, ಇದು ನನ್ನದೇ ವಿದ್ಯೆಯಲ್ಲವೇ! ಎದುರಿನವನನ್ನು ಬಾಯಿ ಬಿಡದಂತೆ ಅದುಮಿ, ಮೆಲ್ಲಗೆ ಸಡಿಲಿಸುತ್ತಾ, ಯಾವ ದರಕ್ಕೆ ಉಸಿರೆತ್ತುತ್ತಾನೆಂದು ಕಾಯುವ ಚೌಕಾಸಿ! ಅದುಮಿಸಿಕೊಳ್ಳುವ ಕಡೆ ಕುಳಿತದ್ದು ಮಾತ್ರ ಅಂದೇ ಮೊದಲು.

ವೈದ್ಯೆ ಹೇಳಿದ ಅಂಕಿ ದಾವಣಗೆರೆಯದಕ್ಕಿಂತ ಒಂದು ಕೂದಲೂ ಕಡಿಮೆಯಿರಲಿಲ್ಲ. ನನ್ನ ಬೆರಳು ತಾನಾಗಿ ಮುಂದೆ ಹೋಗಿ ಗಾಜನ್ನು ತಟ್ಟಿತು.

“ಅಂಕಲ್, ಯಾಕೆ ತಟ್ತಿದೀರಾ? ಅದು ಸರಿಯಾಗೇ ಇದೆ.”

“ಅಲ್ಲಮ್ಮಾ, ನನ್ನ ವಯಸ್ಸಿಗೆ ಲಿಮಿಟ್ ಒಂದೀಟು ಮೇಲಿಟ್ರೆ ನಡೀತತಲ್ಲ? ಪರವಾಗಿಲ್ಲ ಅಂತ ಕಣ್ಣಿನ ಡಾಕ್ಟ್ರಿಗೆ ಎರಡು ಸಾಲು ಬರ್ಕೊಟ್ಬಿಡ್ರಿ, ಸಾಕು.”

ನಮ್ಮ ಕಡೆಯ ದವಾಖಾನೆಗಳಲ್ಲಿ ಮುಂದಿನ ರೋಗಿ ಒಳಗೆ ಬಂದು ಕುಳಿತೇ ಕಾಯುತ್ತಾನೆ. ಗೋಡೆ ಬದಿಯ ಬೆಂಚಿನಿಂದ ಒಂದು ದನಿ ಬಂತು.

“ಗೆರೆ ಆಚಿಗೆ ಹಾಕ್ಬ್ಯಾಡ್ರಿ ಡಾಕ್ಟ್ರೇ. ನಂಗೂ ಇವ್ರು ಹಾಕ್ಕೊಡ್ಲಿಲ್ಲ.”

ಪೊರೆಗಣ್ಣಿಗೆ ಮುಖ ಕಾಣದಿದ್ದರೂ ದನಿ ತಿಳಿಯಿತು. ಮೊಣಕಾಲು ತೋರಿಸಲು ಬಂದ ಚನ್ನಬಸಪ್ಪನವರು.

“ಗುತ್ತೂರಿಂದ ಫಿಟ್ಟರ್ ಕರ್ಸಿ ವಾಲ್ವ್ ರಿಪೇರಿ ಮಾಡ್ಸಿದೆ ಸಾವ್ಕಾರ್ರೆ. ಮೀಟರ್ ಹಳೇದೇ ಐತೆ, ಮುಳ್ಳು ಗೆರೆ ಈಚಿಗೇ ಐತೆ. ಕೆಲಸದೋರು ಈಗ ಬಾಯ್ಲರ್ ಪಕ್ಕ ಕುಂತೇ ಬುತ್ತಿ ಉಣ್ತಾರೆ. ಡಾಕ್ಟ್ರೇ, ಇವ್ರದ್ದೂ ಮೊದ್ಲು ಬೆಂಕಿ ತೆಗ್ಸ್ರಿ!”

ಗಿರಿಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವೈದ್ಯೆಗೆ ಮುಚ್ಚಿಕೊಳ್ಳಲು ಸೆರಗಿರಲಿಲ್ಲ. ನನ್ನ ಪುಕ್ಕಟೆ ಸಲಹೆಯನ್ನು ಮನೆಗೆ ಒಯ್ದ ಏಕೈಕ ಗಿರಾಕಿ ಈತನೇ ಆಗಿರಬೇಕೇ? ಕೊಡುವವನ ಬಳಿ ಉಳಿಯದ ಸರಕೆಂದರೆ ಸಲಹೆಯೊಂದೇ ಇರಬೇಕು. ಬಾಯಿ ಮುಚ್ಚಿ ಮಾತ್ರೆಯ ಚೀಟಿ ಪಡೆದೆ. ಬಹುಶಃ ಬಾಯಿ ಮುಚ್ಚಿದ್ದರಿಂದಲೇ ಬಿಪಿ ಅರ್ಧ ಇಳಿದಿರಬೇಕು. ಉಪ್ಪಿನಕಾಯಿ ಭರಣಿ ಅಟ್ಟ ಸೇರಿತು, ಮಿರ್ಚಿ ಮಂಡಕ್ಕಿಯಲ್ಲಿ ಮಿರ್ಚಿ ಹೋಗಿ ಮಂಡಕ್ಕಿ ಉಳಿಯಿತು. ಕೆಲವು ವಾರಗಳಲ್ಲಿ ಮುಳ್ಳು ಗೆರೆಯ ಈಚೆಗೆ ಬಂತು, ಕಣ್ಣಿನ ಪೊರೆಯೂ ಹೋಯಿತು.

ಅಂಗಡಿಗೆ ಮರಳಿದ ದಿನ ಹದಡಿಯ ಗಿರಾಕಿಯೊಬ್ಬ ಹೊಸ ಮೀಟರನ್ನು ಪಂಪಿಗೆ ಸಿಕ್ಕಿಸಿ ಪರೀಕ್ಷಿಸುತ್ತ, ಎಲ್ಲರಂತೆ ಗಾಜು ತಟ್ಟಿದ. ತೊಳೆದಿಟ್ಟಂತಿದ್ದ ಕಣ್ಣಿಗೆ ಈ ಸಲ ಸ್ಪಷ್ಟವಾಗಿ ಕಂಡಿತು: ಹಲ್ಲುಚಕ್ರದಲ್ಲಿ ಎಲ್ಲೋ ತಡೆದು ನಿಂತಿದ್ದ ಮುಳ್ಳು ಆ ಪೆಟ್ಟಿಗೆ ನವಿರಾಗಿ ಅದುರಿ, ಕೂದಲೆಳೆಯಷ್ಟು ಮುಂದೆ ಸರಿದು, ತನ್ನ ನಿಜವಾದ ಜಾಗದಲ್ಲಿ ಕುಳಿತಿತು. ಇಷ್ಟು ವರ್ಷ ನಾನು ನೋಡಿ ನಕ್ಕ ತಟ್ಟಾಟದಲ್ಲಿ ಇಷ್ಟು ನ್ಯಾಯವಿತ್ತು. ಆತ ಹುಬ್ಬು ಗಂಟಿಕ್ಕಿ ಮತ್ತೆ ಬೆರಳೆತ್ತಿದ. ನಾನು ಆ ಬೆರಳನ್ನು ಮೆಲ್ಲಗೆ ಹಿಡಿದುಕೊಂಡೆ.

“ಒಂದ್ಸಲ ತಟ್ರಿ ಯಜಮಾನ್ರೆ, ಅದು ಮುಳ್ಳಿಗೆ. ಎರಡ್ನೇ ಸಲದ್ದು ನಮ್ಮ ಸಮಾಧಾನಕ್ಕೆ.”